ಉದ್ಯಮದ ಅವಕಾಶವನ್ನು ಅಧ್ಯಾಪಕರು ಗುರುತಿಸುವುದು ಹೇಗೆ? ಕೊಡಗಿನ ಕಾಲೇಜು ಮತ್ತು ಸಂಶೋಧನಾ ಕೇಂದ್ರಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು ಸಣ್ಣ ಜಿಲ್ಲೆ. ಆದರೂ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರ ಮತ್ತು ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಂಬಾರ ಬೆಳೆಗಳ ಪ್ರಾದೇಶಿಕ ಕೇಂದ್ರ, ಚಿಕ್ಕ ಅಳುವಾರದ ವಿಶ್ವವಿದ್ಯಾಲಯ, ಮಡಿಕೇರಿಯ ವೈದ್ಯಕೀಯ ಕಾಲೇಜು, ಪೊನ್ನಂಪೇಟೆ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳು ಎಲ್ಲವೂ ಇಲ್ಲಿವೆ. ಈ ಸಂಸ್ಥೆಗಳ ಬೋಧಕರು ಮತ್ತು ಸಂಶೋಧಕರು ಸ್ವಂತ ಉದ್ಯಮದ ಬಗ್ಗೆ ಯೋಚಿಸುವಾಗ ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕಂಪನಿಯನ್ನು ನೋಂದಾಯಿಸುವ ವಿಧಾನ ಇಲ್ಲಿಲ್ಲ. ಅದಕ್ಕೂ ಮೊದಲಿನ, ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಕಷ್ಟದ ಹಂತವಾದ ‘ಇಲ್ಲೊಂದು ಅವಕಾಶವಿದೆ’ ಎಂದು ಮನಗಾಣುವುದು ಇಲ್ಲಿಯ ವಿಷಯ.

ಒಳ್ಳೆಯ ಸಂಶೋಧನಾ ಫಲಿತಾಂಶವೇ ಉದ್ಯಮದ ಅವಕಾಶವಲ್ಲವೇ?

ಅಲ್ಲ. ಫಲಿತಾಂಶವು ಪ್ರಕೃತಿಯ ಅಥವಾ ಸಮಾಜದ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಅವಕಾಶ ಇರಬೇಕಾದರೆ ಆ ಉತ್ತರದಿಂದ ಯಾರದೋ ಖರ್ಚು ಇಳಿಯಬೇಕು, ನಷ್ಟ ತಪ್ಪಬೇಕು ಅಥವಾ ಅವರ ಸರಕಿಗೆ ಹೆಚ್ಚಿನ ಬೆಲೆ ಸಿಗಬೇಕು. ಹಾಗೆ ಲಾಭ ಪಡೆದವರು ಅದರಲ್ಲೊಂದು ಪಾಲನ್ನು ನಿಮಗೆ ಕೊಡಲು ಸಿದ್ಧರಿರಬೇಕು. ಅವರು ಕೊಡುವ ಹಣ ನಿಮ್ಮ ಉತ್ಪಾದನಾ ವೆಚ್ಚವನ್ನು ದಾಟಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಪ್ರಬಂಧ ಒಳ್ಳೆಯ ಪ್ರಬಂಧವಾಗಿಯೇ ಉಳಿಯುತ್ತದೆ, ಆದರೆ ಉದ್ಯಮವಾಗುವುದಿಲ್ಲ.

ಅರ್ಥಶಾಸ್ತ್ರಜ್ಞ ಇಸ್ರೇಲ್ ಕಿರ್ಜ್ನರ್ ಅವರು ಉದ್ಯಮಿಯ ಮುಖ್ಯ ಗುಣವೆಂದರೆ ಎಚ್ಚರ ಎಂದು ವಾದಿಸಿದರು. ಮಾರುಕಟ್ಟೆಯಲ್ಲಿ ಉಳಿದವರೆಲ್ಲ ಗಮನಿಸದೆ ಬಿಟ್ಟ ವ್ಯತ್ಯಾಸವೊಂದು ಎಚ್ಚರದಿಂದಿರುವವನ ಕಣ್ಣಿಗೆ ಬೀಳುತ್ತದೆ ಎಂಬುದು ಅವರ ಅಭಿಪ್ರಾಯ. ಜೋಸೆಫ್ ಶುಂಪೀಟರ್ ಅವರು ಹೊಸ ತಂತ್ರ, ಹೊಸ ಮಾರುಕಟ್ಟೆ, ಹೊಸ ಕಚ್ಚಾವಸ್ತುಗಳ ಹೊಸ ಜೋಡಣೆಯೇ ಉದ್ಯಮಶೀಲತೆ ಎಂದು ಅದಕ್ಕೂ ಮೊದಲೇ ಹೇಳಿದ್ದರು. ಅಧ್ಯಾಪಕರಿಗೆ ಶುಂಪೀಟರ್ ಅವರ ಮಾತು ಹೆಚ್ಚು ಹಿತವಾಗಿ ಕೇಳಿಸುತ್ತದೆ, ಏಕೆಂದರೆ ಹೊಸದನ್ನು ಮಾಡುವುದು ಅವರ ವೃತ್ತಿ. ಆದರೆ ಅವರು ಹೆಚ್ಚಾಗಿ ಎಡವುವುದು ಕಿರ್ಜ್ನರ್ ಹೇಳಿದ ಎಚ್ಚರದ ವಿಷಯದಲ್ಲಿ.

ಒಂದೇ ಆವಿಷ್ಕಾರವನ್ನು ನೋಡಿದ ಹಲವರಲ್ಲಿ ಕೆಲವರಿಗೆ ಮಾತ್ರ ಅವಕಾಶ ಕಾಣುವುದೇಕೆ?

ಈ ಪ್ರಶ್ನೆಗೆ ತೃಪ್ತಿಕರ ಉತ್ತರವನ್ನು ಸ್ಕಾಟ್ ಶೇನ್ ಅವರು 2000ರಲ್ಲಿ ಪ್ರಕಟಿಸಿದ ಅಧ್ಯಯನ ಕೊಟ್ಟಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ತ್ರೀಡಿ ಮುದ್ರಣದ ಒಂದೇ ಒಂದು ಆವಿಷ್ಕಾರವನ್ನು ಎಂಟು ಗುಂಪುಗಳು ಎಂಟು ಬಗೆಯಲ್ಲಿ ಬಳಸಲು ಮುಂದಾದದ್ದನ್ನು ಅವರು ಪರಿಶೀಲಿಸಿದರು. ಒಂದು ಗುಂಪಿಗೆ ಅದರಲ್ಲಿ ಲೋಹದ ಎರಕದ ಅಚ್ಚು ಕಂಡಿತು, ಇನ್ನೊಂದಕ್ಕೆ ಔಷಧ ತಯಾರಿಕೆ, ಮತ್ತೊಂದಕ್ಕೆ ಪಿಂಗಾಣಿಯ ಸೋಸುಕ. ಪ್ರತಿಯೊಂದು ಗುಂಪಿಗೂ ಕಂಡದ್ದು ತಾನು ಮೊದಲೇ ಕೆಲಸ ಮಾಡಿದ್ದ ಕ್ಷೇತ್ರದ ಬಳಕೆ ಮಾತ್ರ. ಉಳಿದ ಏಳು ಕಾಣಲಿಲ್ಲ. ಅವರು ಅವಕಾಶಕ್ಕಾಗಿ ಹುಡುಕುತ್ತಲೂ ಇರಲಿಲ್ಲ. ತಂತ್ರಜ್ಞಾನದ ವಿಷಯ ಕಿವಿಗೆ ಬಿದ್ದಾಗ, ತಮಗೆ ಚೆನ್ನಾಗಿ ಗೊತ್ತಿದ್ದ ಹಳೆಯ ತೊಂದರೆಗೆ ಅದು ತಾನಾಗಿ ಹೊಂದಿಕೊಂಡಿತು.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ತಂತ್ರಜ್ಞಾನದ ಜ್ಞಾನ ಎಲ್ಲರಿಗೂ ಸಮಾನವಾಗಿದ್ದರೂ ಮಾರುಕಟ್ಟೆಯ, ಗಿರಾಕಿಯ ತೊಂದರೆಗಳ, ಆ ಗಿರಾಕಿಯನ್ನು ತಲುಪುವ ದಾರಿಯ ಜ್ಞಾನ ಸಮಾನವಾಗಿರುವುದಿಲ್ಲ, ಮತ್ತು ಅವಕಾಶ ಕಾಣುವುದು ಈ ಎರಡನೆಯ ಜ್ಞಾನ ಇರುವವರಿಗೆ. ಎರಡನೆಯದಾಗಿ, ಆವಿಷ್ಕಾರ ಮಾಡಿದವರೇ ಅದರ ಅತ್ಯುತ್ತಮ ಬಳಕೆಯನ್ನು ಕಾಣುತ್ತಾರೆ ಎಂಬ ಖಾತರಿ ಇಲ್ಲ. ಈ ಪುಟದಲ್ಲಿ ಉಳಿದದ್ದೆಲ್ಲ ಬಹುಮಟ್ಟಿಗೆ ಈ ಎರಡು ಮಾತುಗಳ ವಿಸ್ತರಣೆ.

ಕೊಡಗಿನ ಅಧ್ಯಾಪಕರಿಗೆ ಆ ಎರಡನೆಯ ಜ್ಞಾನ ಎಲ್ಲಿಂದ ಬರಬೇಕು? ಇಲ್ಲಿ ಕೈಗಾರಿಕೆಗಳೇ ಇಲ್ಲವಲ್ಲ?

ಕೈಗಾರಿಕೆ ಇಲ್ಲ ಎಂಬುದು ಪೂರ್ತಿ ಸರಿಯಲ್ಲ. ಕಾಫಿ, ಕಾಳುಮೆಣಸು, ಏಲಕ್ಕಿ, ಕಿತ್ತಳೆ, ಜೇನು, ಹೋಂಸ್ಟೇ ಇವೆಲ್ಲ ಉದ್ಯಮಗಳೇ. ಕೂಡಿಗೆ, ಕುಶಾಲನಗರದ ಕಡೆ ಕಾಫಿ ಸಂಸ್ಕರಣಾ ಘಟಕಗಳೂ ಇವೆ. ಇಲ್ಲಿಯ ಅನೇಕ ಅಧ್ಯಾಪಕರ ಮನೆಯಲ್ಲಿ ತೋಟವಿದೆ. ವಾರದ ದಿನಗಳಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು ಭಾನುವಾರ ಕೊಯ್ಲಿನ ಆಳುಗಳ ಲೆಕ್ಕ ನೋಡುತ್ತಾರೆ. ಬೆಂಗಳೂರಿನ ಪ್ರಯೋಗಾಲಯದವರು ಸಮೀಕ್ಷೆ ನಡೆಸಿ ತಿಳಿಯಬೇಕಾದ ಸಂಗತಿಗಳು, ಉದಾಹರಣೆಗೆ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದಾಗ ಸ್ಪ್ರಿಂಕ್ಲರ್‌ಗೆ ಎಷ್ಟು ಡೀಸೆಲ್ ಸುರಿಯಬೇಕಾಗುತ್ತದೆ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿ ಮಾಡಲು ಮರ ಹತ್ತುವವರು ಸಿಗುವುದು ಎಷ್ಟು ಕಷ್ಟ, ಬಿಳಿ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ಸುಡುವಾಗ ಬೆಳೆಗಾರನಿಗೆ ಆಗುವ ನಷ್ಟದ ಲೆಕ್ಕ, ಇವು ಇಲ್ಲಿಯವರಿಗೆ ಮನೆಮಾತು.

ಈ ಜ್ಞಾನವನ್ನು ಅಧ್ಯಾಪಕರೇ ಕೀಳಾಗಿ ಕಾಣುವುದು ನಮಗೆ ಬೇಸರ ತರುವ ಸಂಗತಿ. ಯೋಜನಾ ಪ್ರಸ್ತಾವನೆ ಬರೆಯುವಾಗ ವಿದೇಶಿ ನಿಯತಕಾಲಿಕೆಗಳಿಂದ ಸಮಸ್ಯೆಯನ್ನು ಎತ್ತಿಕೊಳ್ಳುತ್ತಾರೆ. ತಮ್ಮದೇ ಕಣದಲ್ಲಿ ಕಂಡ ತೊಂದರೆ ವಿದ್ವತ್ತಿಗೆ ತಕ್ಕದ್ದಲ್ಲ ಎಂದು ಬದಿಗಿಡುತ್ತಾರೆ. ಶೇನ್ ಅವರ ಅಧ್ಯಯನದ ಬೆಳಕಿನಲ್ಲಿ ನೋಡಿದರೆ, ಬದಿಗಿಟ್ಟ ಆ ವಿಷಯವೇ ಅವರ ಬಂಡವಾಳ.

ತೋಟವಿಲ್ಲದವರಿಗೆ ಬೇರೆ ದಾರಿಗಳಿವೆ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳಲ್ಲಿ ಬೆಳೆಗಾರರು ಕೇಳುವ ಪ್ರಶ್ನೆಗಳು, ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ವರದಿಗಳು, ಸಲಹೆಗಾಗಿ ಬರುವ ದೂರವಾಣಿ ಕರೆಗಳು, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು. ಒಂದೇ ಪ್ರಶ್ನೆಯನ್ನು ಪರಸ್ಪರ ಪರಿಚಯವಿಲ್ಲದ ಹಲವರು ಕೇಳುತ್ತಿದ್ದರೆ ಅಲ್ಲಿ ನಿಂತು ನೋಡಬೇಕು.

ತೊಂದರೆ ಕಣ್ಣಿಗೆ ಕಾಣುತ್ತಿದೆ. ಅದಕ್ಕೆ ಹಣ ಕೊಡುವವರು ಇದ್ದಾರೆಯೇ ಎಂದು ತಿಳಿಯುವುದು ಹೇಗೆ?

ಕಲ್ಪಿತ ಉದಾಹರಣೆಯೊಂದರಿಂದ ಇದನ್ನು ವಿವರಿಸುವುದು ಸುಲಭ. ಬೆಳೆಗಾರರು ಒಣಗಿಸಿದ ರೊಬಸ್ಟಾ ಕಾಫಿ ಹಣ್ಣನ್ನು, ಎಂದರೆ ಚೆರ್ರಿಯನ್ನು, 50 ಕಿಲೋ ಚೀಲದ ಲೆಕ್ಕದಲ್ಲಿ ವ್ಯಾಪಾರಿಗೆ ಮಾರುವಾಗ ಬೆಲೆ ನಿಂತಿರುವುದು ಔಟ್‌ಟರ್ನ್ ಮೇಲೆ, ಎಂದರೆ ಆ ಚೆರ್ರಿಯ ಸಿಪ್ಪೆ ತೆಗೆದಾಗ ಎಷ್ಟು ಬೇಳೆ ಸಿಗುತ್ತದೆ ಎಂಬುದರ ಮೇಲೆ, ಮತ್ತು ತೇವಾಂಶದ ಮೇಲೆ. ಎರಡನ್ನೂ ಅಳೆಯುವುದು ಸಾಮಾನ್ಯವಾಗಿ ಕೊಳ್ಳುವವರ ಅಂಗಡಿಯಲ್ಲಿ, ಕೊಳ್ಳುವವರ ಉಪಕರಣದಲ್ಲಿ. ಭೌತಶಾಸ್ತ್ರದ ಅಧ್ಯಾಪಕಿಯೊಬ್ಬರು ಕೈಯಲ್ಲಿ ಹಿಡಿಯಬಹುದಾದ ಅಳತೆಯ ಉಪಕರಣ ಮಾಡಿದರು ಎಂದಿಟ್ಟುಕೊಳ್ಳಿ. ಸಮಸ್ಯೆ ನಿಜ, ತಂತ್ರ ಸಾಧ್ಯ, ಸಂಶಯ ಪಡುವ ಬೆಳೆಗಾರರು ಊರೂರಿಗೂ ಇದ್ದಾರೆ.

ಈಗ ಕೊಳ್ಳುವವರು ಯಾರು ಎಂದು ನೋಡೋಣ. ಸಣ್ಣ ಬೆಳೆಗಾರ ವರ್ಷಕ್ಕೆ ಒಂದೆರಡು ಸಲ ಮಾತ್ರ ಕಾಫಿ ಮಾರುತ್ತಾನೆ. ಅಷ್ಟಕ್ಕಾಗಿ ಸಾವಿರಾರು ರೂಪಾಯಿಯ ಉಪಕರಣವನ್ನು ಅವನು ಕೊಳ್ಳುವುದು ಕಷ್ಟ. ದಿನವೂ ಅಳೆಯುವ ವ್ಯಾಪಾರಿಗೆ ಕೊಳ್ಳುವ ಶಕ್ತಿ ಇದೆ, ಆದರೆ ಈಗಿನ ಅಳತೆ ಅವನಿಗೆ ಸಾಕಾಗಿದೆ. ಬೆಳೆಗಾರನ ಕೈಯಲ್ಲಿ ಇನ್ನೊಂದು ಅಳತೆ ಇದ್ದರೂ ವ್ಯಾಪಾರಿ ಅದನ್ನು ಒಪ್ಪಬೇಕೆಂದಿಲ್ಲ. ಹಾಗಾಗಿ ‘ಬೆಳೆಗಾರರಿಗೆ ಉಪಕರಣ ಮಾರುವುದು’ ಎಂಬ ಮೊದಲ ಊಹೆ ಇಲ್ಲಿಗೆ ಬಿದ್ದುಹೋಗುತ್ತದೆ. ಉಳಿಯುವ ಸಾಧ್ಯತೆಗಳು ಬೇರೆ: ಸದಸ್ಯರ ಕಾಫಿಯನ್ನು ಒಟ್ಟಿಗೆ ಮಾರುವ ರೈತ ಉತ್ಪಾದಕರ ಕಂಪನಿ ಅಥವಾ ಸಹಕಾರ ಸಂಘ, ತನ್ನ ಅಳತೆ ನಂಬಿಕೆಗೆ ಅರ್ಹ ಎಂದು ತೋರಿಸಿ ಹೆಚ್ಚು ಬೆಳೆಗಾರರನ್ನು ಸೆಳೆಯಬಯಸುವ ಹೊಸ ವ್ಯಾಪಾರಿ, ದಾಸ್ತಾನಿನ ಮೇಲೆ ಸಾಲ ಕೊಡುವ ಬ್ಯಾಂಕು, ಅಥವಾ ಉಪಕರಣವನ್ನು ಮಾರದೆ ಅಳತೆಯನ್ನೇ ಸೇವೆಯಾಗಿ ಕೊಡುವುದು.

ತೊಂದರೆ ಅನುಭವಿಸುವವರು, ತೀರ್ಮಾನ ಮಾಡುವವರು ಮತ್ತು ಹಣ ಕೊಡುವವರು ಮೂವರು ಬೇರೆ ಬೇರೆ ಆಗಿರಬಹುದು ಎಂಬುದನ್ನು ಪ್ರಯೋಗಾಲಯದಲ್ಲಿ ಕುಳಿತು ಕಂಡುಕೊಳ್ಳಲಾಗದು. ಆದ್ದರಿಂದ ಮಾದರಿ ತಯಾರಿಸುವ ಮುಂಚೆಯೇ ಈ ಮೂರು ಬಗೆಯವರನ್ನೂ ಭೇಟಿಯಾಗಬೇಕು. ಭೇಟಿಯಲ್ಲಿ ‘ಇಂಥದ್ದೊಂದು ಬಂದರೆ ಕೊಳ್ಳುತ್ತೀರಾ’ ಎಂದು ಕೇಳಬೇಡಿ. ಕಾಲೇಜಿನ ಮೇಷ್ಟ್ರು ಕೇಳಿದಾಗ ‘ಇಲ್ಲ’ ಎನ್ನಲು ನಮ್ಮ ಕಡೆ ಯಾರಿಗೂ ಬಾಯಿ ಬರುವುದಿಲ್ಲ. ಕಾಫಿ ಕೊಟ್ಟು, ‘ಒಳ್ಳೆ ಕೆಲಸ, ಮಾಡಿ’ ಎಂದು ಕಳಿಸುತ್ತಾರೆ. ಕಳೆದ ಫಸಲಿನಲ್ಲಿ ಈ ತೊಂದರೆಗೆ ಏನು ಮಾಡಿದಿರಿ, ಎಷ್ಟು ಖರ್ಚಾಯಿತು, ಯಾರನ್ನು ಕರೆಸಿದಿರಿ ಎಂದು ಕೇಳಿ. ಏನೂ ಮಾಡಲಿಲ್ಲ, ಏನೂ ಖರ್ಚಾಗಲಿಲ್ಲ ಎಂಬ ಉತ್ತರ ಮತ್ತೆ ಮತ್ತೆ ಬಂದರೆ ಆ ತೊಂದರೆ ಅವರಿಗೆ ಹಣ ಬಿಚ್ಚುವಷ್ಟು ದೊಡ್ಡದಲ್ಲ ಎಂದು ತಿಳಿಯಬೇಕು.

ಕಾಫಿ ಒಣಗಿಸುವ ಯಂತ್ರದ ಆಲೋಚನೆ ಅನೇಕರಿಗೆ ಬರುತ್ತದೆ. ಅದು ಅವಕಾಶವೇ?

ಕೊಯ್ಲಿನ ಕಾಲದಲ್ಲಿ ಅಕಾಲ ಮಳೆ ಬಂದು ಕಣದ ಕಾಫಿ ನೆನೆಯುವುದನ್ನು ನೋಡಿದ ಎಂಜಿನಿಯರಿಂಗ್ ಅಧ್ಯಾಪಕರಿಗೆ ಡ್ರೈಯರ್ ನೆನಪಾಗುವುದು ಸಹಜ. ಅರೇಬಿಕಾ ಕೊಯ್ಲು ಸುಮಾರಾಗಿ ನವೆಂಬರ್‌ನಿಂದ, ರೊಬಸ್ಟಾ ಅದರ ನಂತರ. ಎಂದರೆ ವರ್ಷದಲ್ಲಿ ಕೆಲವೇ ತಿಂಗಳು ಯಂತ್ರಕ್ಕೆ ಕೆಲಸ, ಉಳಿದ ಕಾಲ ಅದು ಷೆಡ್ಡಿನಲ್ಲಿ. ಮಳೆ ಬಾರದ ವರ್ಷ ಬಿಸಿಲು ಉಚಿತವಾಗಿಯೇ ಒಣಗಿಸುತ್ತದೆ. ಹೀಗಾಗಿ ಇಲ್ಲಿ ಲೆಕ್ಕ ಹಾಕಬೇಕಾದದ್ದು ಯಂತ್ರದ ದಕ್ಷತೆಗಿಂತ ಮೊದಲು ಅದು ಕೆಲಸ ಮಾಡುವ ದಿನಗಳನ್ನು. ಮೆಣಸು, ಏಲಕ್ಕಿ, ಅಡಿಕೆಗೂ ಅದೇ ಯಂತ್ರ ಹೊಂದಿದರೆ, ಅಥವಾ ಬಾಡಿಗೆಗೆ ಊರಿಂದೂರಿಗೆ ಸಾಗಿಸಬಹುದಾದರೆ, ಚಿತ್ರ ಬದಲಾಗುತ್ತದೆ. ಕೊಡಗಿನ ಬಹುತೇಕ ಆಲೋಚನೆಗಳಿಗೆ ಈ ಋತುಮಾನದ ಪರೀಕ್ಷೆ ಅನ್ವಯಿಸುತ್ತದೆ.

ಆನೆ ಹಾವಳಿ, ಭೂಕುಸಿತದಂತಹ ಗಂಭೀರ ಸಮಸ್ಯೆಗಳಲ್ಲಿ ಅವಕಾಶವಿಲ್ಲವೇ?

ಸಮಸ್ಯೆಯ ಗಾಂಭೀರ್ಯ ಬೇರೆ, ಉದ್ಯಮದ ಅವಕಾಶ ಬೇರೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಮಣ್ಣಿನ ಚಲನೆಯನ್ನು ಅಳೆದು ಎಚ್ಚರಿಸುವ ಸಾಧನಗಳ ಬಗ್ಗೆ, ತೋಟಕ್ಕೆ ಆನೆ ಬಂದರೆ ಸಂದೇಶ ಕಳಿಸುವ ವ್ಯವಸ್ಥೆಗಳ ಬಗ್ಗೆ ಆಸಕ್ತಿ ಬೆಳೆದದ್ದು ಸರಿಯಾಗಿಯೇ ಇದೆ. ಆದರೆ ಇಂಥ ಸಾಧನದ ಲಾಭ ಇಡೀ ಊರಿಗೆ ಸಿಗುತ್ತದೆ, ಆದ್ದರಿಂದ ಒಬ್ಬೊಬ್ಬರೇ ಹಣ ಕೊಡಲು ಮುಂದಾಗುವುದಿಲ್ಲ. ಗಿರಾಕಿ ಎಂದರೆ ಬಹುಮಟ್ಟಿಗೆ ಸರ್ಕಾರ. ಸರ್ಕಾರಕ್ಕೆ ಮಾರುವುದು ಟೆಂಡರು, ಬಜೆಟ್ಟು, ಅಧಿಕಾರಿಗಳ ವರ್ಗಾವಣೆ ಇವುಗಳನ್ನು ತಾಳಿಕೊಳ್ಳಬಲ್ಲ ಸಂಸ್ಥೆಯ ಕೆಲಸ. ಇಂಥ ಕೆಲಸವನ್ನು ಅನುದಾನಿತ ಸಂಶೋಧನೆಯಾಗಿ ಮಾಡಿ, ಸಿದ್ಧ ತಂತ್ರಜ್ಞಾನವನ್ನು ಇಲಾಖೆಗೆ ಅಥವಾ ಅನುಭವವಿರುವ ಕಂಪನಿಗೆ ಹಸ್ತಾಂತರಿಸುವುದೇ ಮೇಲು ಎಂದು ನಮ್ಮ ಅಭಿಪ್ರಾಯ.

ಕಾನೂನು ಅಥವಾ ನೀತಿ ಬದಲಾದಾಗ ಅವಕಾಶ ಹುಟ್ಟುತ್ತದೆ ಎನ್ನುತ್ತಾರೆ. ಇಲ್ಲಿಗೆ ಅನ್ವಯಿಸುವ ನಿದರ್ಶನವಿದೆಯೇ?

ಕಾಫಿಯಷ್ಟು ಸ್ಪಷ್ಟ ನಿದರ್ಶನ ಬೇರೆ ಬೇಕಿಲ್ಲ. 1942ರ ಕಾಫಿ ಕಾಯಿದೆಯ ಅಡಿಯಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಆ ನಿರ್ಬಂಧ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರಿಗೆ ಪೂರ್ತಿ ಮುಕ್ತ ಮಾರಾಟದ ಹಕ್ಕು ದೊರೆಯಿತು. ಪೂಲ್ ಇದ್ದ ಕಾಲದಲ್ಲಿ ಒಂದು ತೋಟದ ಕಾಫಿಗೆ ಪ್ರತ್ಯೇಕ ಹೆಸರು, ಪ್ರತ್ಯೇಕ ರುಚಿ ಇದೆ ಎಂದು ಸಾಧಿಸಿ ಗಳಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಮುಕ್ತ ಮಾರುಕಟ್ಟೆ ಬಂದ ಮೇಲೆ ರುಚಿ ಪರೀಕ್ಷೆ, ತೋಟದ ಹೆಸರಿನ ಕಾಫಿ, ಪ್ರಮಾಣೀಕರಣ, ನೇರ ರಫ್ತು ಎಲ್ಲಕ್ಕೂ ಅರ್ಥ ಬಂತು. ರುಚಿಯ ವಿಜ್ಞಾನ ಅದಕ್ಕೆ ಮೊದಲೂ ಇತ್ತು. ಬದಲಾದದ್ದು ಅದರ ಬೆಲೆ.

ಈಗಿನ ನಿದರ್ಶನವೆಂದರೆ ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮ. ಅದರ ಜಾರಿಯ ದಿನಾಂಕ ಮುಂದೂಡಲ್ಪಟ್ಟಿದ್ದರೂ ತಿರುಳು ಸ್ಪಷ್ಟವಾಗಿದೆ: ಐರೋಪ್ಯ ಮಾರುಕಟ್ಟೆಗೆ ಹೋಗುವ ಕಾಫಿ ಬೆಳೆದ ಜಾಗದ ಭೌಗೋಳಿಕ ಸ್ಥಾನವನ್ನು ತೋರಿಸಬೇಕು, ಆ ಜಾಗದಲ್ಲಿ 2020ರ ನಂತರ ಕಾಡು ಕಡಿದಿಲ್ಲ ಎಂದು ಸಾಬೀತುಪಡಿಸಬೇಕು. ಭಾರತದ ಕಾಫಿಗೆ ಇಟಲಿ, ಜರ್ಮನಿ ಮುಖ್ಯ ಗಿರಾಕಿಗಳಾದ್ದರಿಂದ ಇದು ನಮ್ಮ ಜಿಲ್ಲೆಯನ್ನು ನೇರವಾಗಿ ಮುಟ್ಟುತ್ತದೆ. ಕೊಡಗಿನ ತೋಟಗಳು ನೆರಳಿನ ಮರಗಳ ಕೆಳಗಿವೆ. ಉಪಗ್ರಹ ಚಿತ್ರದಲ್ಲಿ ತೋಟವನ್ನೂ ಕಾಡನ್ನೂ ಬೇರ್ಪಡಿಸುವುದು ಸುಲಭವಲ್ಲ, ಕೊಡಗಿನ ಪಾರಂಪರಿಕ ಭೂ ಹಿಡುವಳಿಯಾದ ಜಮ್ಮಾ ಬಾಣೆಯ ದಾಖಲೆಗಳನ್ನು ಹೊರಗಿನವರು ಅರ್ಥ ಮಾಡಿಕೊಳ್ಳುವುದಂತೂ ಇನ್ನೂ ಕಷ್ಟ. ದೂರಸಂವೇದಿ ತಂತ್ರಜ್ಞಾನವನ್ನೂ ಇಲ್ಲಿಯ ಮರಗಳನ್ನೂ ಭೂದಾಖಲೆಗಳನ್ನೂ ಒಟ್ಟಿಗೆ ಬಲ್ಲವರು ಇರುವುದು ಇಲ್ಲಿಯ ಕಾಲೇಜುಗಳಲ್ಲೇ.

ಅಧ್ಯಾಪಕ ವೃತ್ತಿಯ ಯಾವ ಅಭ್ಯಾಸಗಳು ಅವಕಾಶವನ್ನು ಮರೆಮಾಡುತ್ತವೆ?

ಹೊಸತನದ ಮೇಲಿನ ಮೋಹ ಮೊದಲನೆಯದು. ನಿಯತಕಾಲಿಕೆಯ ಪರಿಶೀಲಕರಿಗೆ ಹೊಸತನ ಬೇಕು, ಗಿರಾಕಿಗೆ ಬೇಡ. ಹತ್ತು ವರ್ಷದ ಹಿಂದಿನ ತಂತ್ರವನ್ನೇ ಅಗ್ಗವಾಗಿ, ಕೆಟ್ಟರೆ ಗೋಣಿಕೊಪ್ಪಲಿನಲ್ಲೇ ರಿಪೇರಿಯಾಗುವಂತೆ ಕೊಟ್ಟರೆ ಅವನು ಸಂತೋಷವಾಗಿ ಕೊಳ್ಳುತ್ತಾನೆ. ಎರಡನೆಯದು, ಪರಿಪೂರ್ಣವಾಗುವವರೆಗೆ ಯಾರಿಗೂ ತೋರಿಸಬಾರದೆಂಬ ಸಂಕೋಚ. ಇದರ ಜೊತೆಗೆ ವಿಭಾಗಗಳ ನಡುವಿನ ಗೋಡೆಯನ್ನೂ ಹೇಳಬೇಕು: ಸಸ್ಯಶಾಸ್ತ್ರದವರಿಗೂ ವಾಣಿಜ್ಯಶಾಸ್ತ್ರದವರಿಗೂ ಸಿಬ್ಬಂದಿ ಕೊಠಡಿಯಲ್ಲಿ ಮಾತುಕತೆ ಇದ್ದರೂ, ಅದು ವೇತನ ಆಯೋಗದಿಂದ ಆಚೆಗೆ ಹೋಗುವುದು ಅಪರೂಪ.

ಪ್ರಬಂಧ ಮೊದಲೋ ಪೇಟೆಂಟ್ ಅರ್ಜಿ ಮೊದಲೋ?

ಪೇಟೆಂಟ್ ಬೇಕೆಂದಿದ್ದರೆ ಅರ್ಜಿಯೇ ಮೊದಲು. ಆವಿಷ್ಕಾರ ಒಮ್ಮೆ ಬಹಿರಂಗವಾದರೆ ಅದರ ಹೊಸತನ ಹೋಯಿತು ಎಂದೇ ಭಾರತದ ಪೇಟೆಂಟ್ ಕಾಯಿದೆ ಬಹುಮಟ್ಟಿಗೆ ಪರಿಗಣಿಸುತ್ತದೆ. 12 ತಿಂಗಳ ಕೆಲವು ವಿನಾಯಿತಿಗಳಿದ್ದರೂ ಅವು ತೀರ ಸೀಮಿತ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಆ ನಡುವೆ ಪ್ರಬಂಧ ಪ್ರಕಟಿಸಿದರೆ ಅರ್ಜಿಯಲ್ಲಿ ಹೇಳಿದ ವಿಷಯಕ್ಕೆ ಬಾಧೆಯಿಲ್ಲ. ಶಿಕ್ಷಣ ಸಂಸ್ಥೆಗಳಿಗೆ 2021ರಿಂದ ಶುಲ್ಕದಲ್ಲಿ ಶೇಕಡ 80ರ ರಿಯಾಯಿತಿ ಇದೆ. ಪೇಟೆಂಟ್ ಇದ್ದ ಮಾತ್ರಕ್ಕೆ ಅವಕಾಶ ಇದೆ ಎಂದೇನೂ ಅಲ್ಲ.

ಕಾಚಂಪುಳಿ, ಕಾಡುಹಣ್ಣು ಅಥವಾ ಹೊಸ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದೇವೆ. ನಮಗೆ ಬೇರೆ ನಿಯಮಗಳಿವೆಯೇ?

ಇವೆ. ಸಸ್ಯಗಳು, ಬೀಜಗಳು, ತಳಿಗಳು ಭಾರತದಲ್ಲಿ ಪೇಟೆಂಟ್‌ಗೆ ಅರ್ಹವಲ್ಲ. ತಳಿಗಳಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಇದೆ. ಪಾರಂಪರಿಕ ಜ್ಞಾನವನ್ನೇ ಆವಿಷ್ಕಾರವೆಂದು ಹೇಳಿಕೊಳ್ಳಲೂ ಆಗುವುದಿಲ್ಲ. ಹಣ್ಣಿನ ರಸವನ್ನು ಕುದಿಸಿ ಕಪ್ಪಗೆ ಗಟ್ಟಿಯಾಗಿಸಿ ಕಾಚಂಪುಳಿ ಮಾಡುವುದು ಕೊಡಗಿನ ಅಡುಗೆಮನೆಗಳ ಹಳೆಯ ವಿದ್ಯೆ; ಆ ವಿಧಾನಕ್ಕೆ ಯಾರೂ ಒಡೆಯರಾಗಲಾರರು, ಆದರೆ ಅದರ ಗುಣಮಟ್ಟ ಅಳೆಯುವ ಅಥವಾ ಕಲಬೆರಕೆ ಪತ್ತೆ ಹಚ್ಚುವ ಹೊಸ ವಿಧಾನಕ್ಕೆ ಹಕ್ಕು ಕೇಳಬಹುದು. ಜೈವಿಕ ಸಂಪನ್ಮೂಲ ಬಳಸಿದ ಆವಿಷ್ಕಾರವಾದರೆ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪ್ರಕ್ರಿಯೆಯನ್ನೂ ಪೂರೈಸಬೇಕು. ಕೊಡಗಿನ ಕಿತ್ತಳೆ, ಏಲಕ್ಕಿ ಮತ್ತು ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಿಕೆ, ಎಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ದೊರೆತಿದೆ. ಆ ಹೆಸರನ್ನು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಬಳಸಬಹುದು.

ತಳಿಯ ವಿಷಯದಲ್ಲಿ ಅವಕಾಶ ಹಲವು ಸಲ ತಳಿಯಲ್ಲಿರದೆ ಅದರ ಸುತ್ತ ಇರುತ್ತದೆ. ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದಿಂದ ಅರ್ಕ ಕೂರ್ಗ್ ರವಿ ಮತ್ತು ಅರ್ಕ ಸುಪ್ರೀಂ ಬೆಣ್ಣೆಹಣ್ಣಿನ ತಳಿಗಳು ಬಂದವು. ತಳಿ ಸಂಸ್ಥೆಯದು, ಕಸಿ ಗಿಡಗಳ ನರ್ಸರಿ, ಹಣ್ಣು ಮಾಗಿಸಿ ವಿಂಗಡಿಸಿ ಪ್ಯಾಕ್ ಮಾಡಿ ಮೈಸೂರು, ಬೆಂಗಳೂರಿಗೆ ಮುಟ್ಟಿಸುವ ವ್ಯವಸ್ಥೆ ಬೇರೆಯವರು ಕಟ್ಟಬಹುದಾದ ಉದ್ಯಮ.

ವಿಜ್ಞಾನದವರಲ್ಲದ ಅಧ್ಯಾಪಕರಿಗೆ ಇದೆಲ್ಲ ಅನ್ವಯಿಸುತ್ತದೆಯೇ?

ಖಂಡಿತ. ಹೋಂಸ್ಟೇಗಳಿಗೆ ಲೆಕ್ಕಪತ್ರ ಮತ್ತು ಸಿಬ್ಬಂದಿ ತರಬೇತಿ, ಇತಿಹಾಸ ಬಲ್ಲವರು ನಡೆಸುವ ಪ್ರವಾಸ, ಕೊಡವ ತಕ್ಕ್ ಮತ್ತು ಅರೆಭಾಷೆಯ ಕಲಿಕಾ ಸಾಮಗ್ರಿ ಇವಕ್ಕೆ ಪ್ರಯೋಗಾಲಯ ಬೇಕಿಲ್ಲ, ಬಂಡವಾಳವೂ ಕಡಿಮೆ.

ಸರ್ಕಾರಿ ಸಂಬಳದಲ್ಲಿರುವವರು ಉದ್ಯಮ ಆರಂಭಿಸಬಹುದೇ?

ಪೂರ್ವಾನುಮತಿ ಇಲ್ಲದೆ ಆಗದು. ರಾಜ್ಯ ಸರ್ಕಾರಿ ನೌಕರರ ನಡತೆ ನಿಯಮಗಳು ಅನುಮತಿಯಿಲ್ಲದ ಖಾಸಗಿ ವ್ಯಾಪಾರವನ್ನು ನಿಷೇಧಿಸುತ್ತವೆ. ಕೇಂದ್ರ ಶಿಕ್ಷಣ ಸಚಿವಾಲಯವು (ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ) ವಿದ್ಯಾರ್ಥಿಗಳು ಮತ್ತು ಬೋಧಕರಿಗಾಗಿ 2019ರಲ್ಲಿ ಹೊರತಂದ ರಾಷ್ಟ್ರೀಯ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ ಮಾತ್ರ ಬೇರೆ ದಾರಿ ತೋರಿಸಿದೆ: ಬೋಧಕರು ರಜೆ ಪಡೆದು ಉದ್ಯಮ ಕಟ್ಟಬಹುದು, ಸಂಸ್ಥೆ ತನ್ನ ನೆರವಿಗೆ ಪ್ರತಿಯಾಗಿ ಶೇಕಡ 2ರಿಂದ 9.5ರವರೆಗೆ ಪಾಲು ತೆಗೆದುಕೊಳ್ಳಬಹುದು ಎಂದು ಅದು ಹೇಳುತ್ತದೆ. ಇದು ಮಾರ್ಗದರ್ಶಿ ನೀತಿ. ನಿಮ್ಮ ಸಂಸ್ಥೆ ಅದನ್ನು ಅಂಗೀಕರಿಸಿದೆಯೇ ಎಂದು ಕುಲಸಚಿವರ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಬೇಕು. ಕಂಪನಿಯನ್ನು ಪತ್ನಿಯ ಅಥವಾ ಅಣ್ಣನ ಹೆಸರಿನಲ್ಲಿ ಇಡುವ ಉಪಾಯವನ್ನು ಕೆಲವರು ಸೂಚಿಸುತ್ತಾರೆ. ಆ ಸಲಹೆಯನ್ನು ಕೇಳಬೇಡಿ.

ಕರ್ನಾಟಕದಲ್ಲೇ ಇದಕ್ಕೆ ಪೂರ್ವನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಗಣಕವಿಜ್ಞಾನ ಪ್ರಾಧ್ಯಾಪಕರು 2000ರಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಆರಂಭಿಸಿದರು. ಮಾನವ ಜೀನೋಮಿನ ಮಾಹಿತಿ ರಾಶಿಯಾಗಿ ಬೀಳುತ್ತಿದ್ದ ಕಾಲದಲ್ಲಿ, ಜೀವವಿಜ್ಞಾನಿಗಳ ತೊಂದರೆಯೊಂದು ತಮ್ಮ ಕ್ರಮವಿಧಿಗಳಿಂದ (ಅಲ್ಗಾರಿದಮ್) ಬಗೆಹರಿಯಬಲ್ಲದು ಎಂದು ಅವರಿಗೆ ಕಂಡಿತು.

ಆರಂಭದ ಹಣಕ್ಕೆ ಎಲ್ಲಿ ಹೋಗಬೇಕು?

ಜೈವಿಕ ತಂತ್ರಜ್ಞಾನಕ್ಕೆ ಸಂಬಂಧಿಸಿದ್ದಾದರೆ ಈ ಕ್ಷೇತ್ರದ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ಬಿಗ್ ಎಂಬ ಅನುದಾನ 50 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಸ್ಟಾರ್ಟಪ್‌ಗಳಿಗೆ ಅನುದಾನ ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ, ಕೃಷಿ ವಿಶ್ವವಿದ್ಯಾಲಯಗಳಲ್ಲಿರುವ ಕೃಷಿ ಉದ್ಯಮ ಪೋಷಣಾ ಕೇಂದ್ರಗಳು, ಕಾಫಿಗೆ ಸಂಬಂಧಿಸಿದವರಿಗೆ ಕಾಫಿ ಮಂಡಳಿಯ ಅಟಲ್ ಇನ್‌ಕ್ಯುಬೇಷನ್ ಕೇಂದ್ರ ಇವನ್ನೂ ವಿಚಾರಿಸಬಹುದು. ಅರ್ಜಿಯ ನಮೂನೆಗೆ ತಕ್ಕಂತೆ ಆಲೋಚನೆಯನ್ನು ತಿರುಚುವವರನ್ನು ನೋಡಿದ್ದೇವೆ. ಅನುದಾನ ಸಿಕ್ಕಿದ್ದನ್ನು ಗಿರಾಕಿ ಸಿಕ್ಕಿದಂತೆ ಎಣಿಸಬಾರದು.

ಎಲ್ಲ ಪರಿಶೀಲಿಸಿದ ಮೇಲೆ ಅವಕಾಶವಿಲ್ಲ ಎನಿಸಿದರೆ ಆ ಕೆಲಸ ವ್ಯರ್ಥವೇ?

ವ್ಯರ್ಥವಲ್ಲ, ಆದರೆ ಮುಂದಿನ ದಾರಿಯನ್ನು ಆರಿಸಿಕೊಳ್ಳಬೇಕು. ಗಿರಾಕಿ ಇದ್ದು ನಿಮಗೆ ಉದ್ಯಮ ನಡೆಸುವ ಮನಸ್ಸಿಲ್ಲದಿದ್ದರೆ ತಂತ್ರಜ್ಞಾನವನ್ನು ಪರವಾನಗಿಯ ಮೇಲೆ ಕೊಡಬಹುದು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತನ್ನ ತಂತ್ರಜ್ಞಾನಗಳನ್ನು ಖಾಸಗಿ ಕಂಪನಿಗಳಿಗೆ ಹೀಗೆ ಕೊಡುತ್ತದೆ. ಉಪಯೋಗವಿದ್ದು ಹಣ ಕೊಡುವವರಿಲ್ಲದಿದ್ದರೆ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಬೆಳೆಗಾರರಿಗೆ ಉಚಿತವಾಗಿ ತಲುಪಿಸಿ, ಪ್ರಬಂಧವಾಗಿಯೂ ಪ್ರಕಟಿಸಿ. ಎರಡೂ ಇಲ್ಲದಿದ್ದರೆ ಭೇಟಿಗಳ ಟಿಪ್ಪಣಿಯನ್ನಾದರೂ ವಿಭಾಗದಲ್ಲಿ ಇಟ್ಟುಹೋಗಿ. ಯಾರು ಏಕೆ ಬೇಡವೆಂದರು ಎಂಬ ವಿವರ ಮುಂದೆ ಅದೇ ಆಲೋಚನೆಯೊಂದಿಗೆ ಬರುವ ಸಹೋದ್ಯೋಗಿಗೆ ಬೇಕಾಗುತ್ತದೆ, ಮತ್ತು ಕಾಫಿಯ ಬೆಲೆಯೋ ಕಾನೂನೋ ಬದಲಾದಾಗ ಆ ‘ಬೇಡ’ಗಳಲ್ಲಿ ಕೆಲವು ‘ಬೇಕು’ ಆಗಿರುವುದೂ ಉಂಟು.